ಮನೆ ಸೋಲಾರ್: ಕೊಟೇಶನ್‌ಗಳನ್ನು ನಾನು ಹೋಲಿಸಿದ್ದು ಹೀಗೆ

ಶಿವಮೊಗ್ಗದ ನಮ್ಮ ಮನೆ ತಾರಸಿಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಲು ಮೂವರಿಂದ ಕೊಟೇಶನ್ ತರಿಸಿದೆ. ಒಬ್ಬರದು 1,62,000 ರೂಪಾಯಿ, ಇನ್ನೊಬ್ಬರದು 1,98,000, ಮತ್ತೊಬ್ಬರದು 2,14,000. ಮೂರರ ಮೇಲೂ ‘3 ಕಿಲೋವ್ಯಾಟ್ ಆನ್‌ಗ್ರಿಡ್’ (ಬ್ಯಾಟರಿ ಇಲ್ಲದೆ ನೇರ ಕರೆಂಟ್ ಲೈನ್‌ಗೆ ಜೋಡಿಸುವ ಬಗೆ) ಎಂದೇ ಬರೆದಿತ್ತು. ಮನೆಯವರೆಲ್ಲ ಸಹಜವಾಗಿಯೇ ಮೊದಲನೆಯದರ ಕಡೆ ವಾಲಿದರು. ನಾನು ಕೊನೆಗೆ ಆರಿಸಿದ್ದು 2,14,000ದ ಕೊಟೇಶನ್ನನ್ನು. ಕೊಟ್ಟದ್ದು ಮಾತ್ರ ಅಷ್ಟಲ್ಲ. ನಡುವೆ ಮಾಡಿದ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಸೋಲಾರ್ ಹಾಕಿಸುವ ಯೋಚನೆಯಲ್ಲಿರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬೇಕು ಎಂಬುದು ನನ್ನ ಆಸೆ.

ಕೊಟೇಶನ್ ಕೇಳುವ ಮೊದಲು ಒಂದು ವರ್ಷದ ಕರೆಂಟ್ ಬಿಲ್‌ಗಳನ್ನು ಮುಂದಿಟ್ಟುಕೊಂಡೆ. ಬೋರ್‌ವೆಲ್ ಪಂಪು, ಗೀಸರ್, ಬೇಸಿಗೆಯಲ್ಲಿ ಎ.ಸಿ., ಈಚೆಗೆ ಬಂದ ಎಲೆಕ್ಟ್ರಿಕ್ ಸ್ಕೂಟರ್ ಎಲ್ಲ ಸೇರಿ ತಿಂಗಳಿಗೆ ಸರಾಸರಿ 340 ಯೂನಿಟ್ ಖರ್ಚಾಗುತ್ತಿತ್ತು. ನಮ್ಮ ರಾಜ್ಯದಲ್ಲಿ ಈ ಹೆಜ್ಜೆ ತುಂಬ ಮುಖ್ಯ. ಗೃಹಜ್ಯೋತಿಯಲ್ಲಿ 200 ಯೂನಿಟ್‌ನೊಳಗೆ ಇದ್ದು ಬಿಲ್ ಸೊನ್ನೆ ಬರುತ್ತಿರುವ ಮನೆಗೆ ಸೋಲಾರ್‌ನಿಂದ ಉಳಿಯುವ ಹಣ ಏನೂ ಇಲ್ಲ. ಅಂಥವರ ಮನೆ ಬಾಗಿಲಿಗೂ ‘ಬಿಲ್ ಸೊನ್ನೆ ಮಾಡಿಕೊಡ್ತೀವಿ ಸಾರ್’ ಎಂದು ಬರುವವರಿದ್ದಾರೆ. 200 ದಾಟಿದರೆ ಇಡೀ ಬಿಲ್ ನಾವೇ ಕಟ್ಟಬೇಕಾದ್ದರಿಂದ ನಮ್ಮಂಥ ಮನೆಗಳ ಲೆಕ್ಕವೇ ಬೇರೆ.

ಎಷ್ಟು ಕಿಲೋವ್ಯಾಟ್ ಬೇಕು ಎನ್ನುವುದೂ ಆ ಬಿಲ್‌ಗಳಿಂದಲೇ ಗೊತ್ತಾಯಿತು. ಕರ್ನಾಟಕದಲ್ಲಿ ಒಂದು ಕಿಲೋವ್ಯಾಟ್‌ಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಹಿಡಿಯಬಹುದು. ಮೂರು ಕಿಲೋವ್ಯಾಟ್‌ಗೆ ದಿನಕ್ಕೆ 12, ತಿಂಗಳಿಗೆ 360. ನಮ್ಮ ಖರ್ಚಿಗೆ ಅದು ಸರಿಹೋಗುತ್ತದೆ. ಎರಡನೆಯವರು 5 ಕಿಲೋವ್ಯಾಟ್ ಹಾಕಿಸಿ, ಉಳಿದದ್ದನ್ನು ಮೆಸ್ಕಾಂಗೆ ಮಾರಬಹುದು ಎಂದು ಒತ್ತಾಯಿಸಿದರು. ಮಾರಬಹುದು ನಿಜ. ಆದರೆ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ, ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ಸಬ್ಸಿಡಿಯೂ 3 ಕಿಲೋವ್ಯಾಟ್‌ಗೇ ನಿಂತುಬಿಡುತ್ತದೆ: 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಐದು ಹಾಕಿಸಿದರೂ ಹತ್ತು ಹಾಕಿಸಿದರೂ ಅಷ್ಟೇ.

ಇನ್ನು ಕೊಟೇಶನ್‌ಗಳ ವಿಷಯ. ಮೊದಲನೆಯವರ ಕಾಗದದಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು 1,62,000 ಅಲ್ಲ, 84,000. ಸಬ್ಸಿಡಿ ಕಳೆದ ಮೊತ್ತ ಅದು. ಸಬ್ಸಿಡಿ ನಮ್ಮ ಬ್ಯಾಂಕ್ ಖಾತೆಗೆ ಬರುವುದು ಫಿಟ್ಟಿಂಗ್ ಮುಗಿದು, ನೆಟ್ ಮೀಟರ್ (ಬರುವ, ಹೋಗುವ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂತು, ಮೆಸ್ಕಾಂ ಒಪ್ಪಿದ ಮೇಲೆ. ಅಲ್ಲಿಯವರೆಗೆ ಪೂರ್ತಿ ಹಣ ಹೊಂದಿಸಬೇಕಾದವರು ನಾವೇ. ಹಾಗಾಗಿ ಸಬ್ಸಿಡಿಯನ್ನು ಮೂರೂ ಕಡೆ ಬದಿಗಿಟ್ಟು, ಒಳಗಿನ ಸಾಲುಗಳನ್ನು ಓದತೊಡಗಿದೆ.

ಮೊದಲು ಹುಡುಕಿದ್ದು ಪ್ಯಾನೆಲ್‌ಗಳ ಸಂಖ್ಯೆ ಮತ್ತು ವ್ಯಾಟ್. ಮೊದಲನೆಯವರದು 540 ವ್ಯಾಟ್‌ನ ಐದು ಪ್ಯಾನೆಲ್, ಅಂದರೆ 2,700 ವ್ಯಾಟ್. ಪ್ಯಾನೆಲ್‌ನ ಡಿ.ಸಿ. ಕರೆಂಟನ್ನು ಮನೆ ಬಳಕೆಯ ಎ.ಸಿ. ಕರೆಂಟಾಗಿ ಬದಲಿಸುವ ಇನ್ವರ್ಟರ್ ಮಾತ್ರ 3 ಕಿಲೋವ್ಯಾಟ್‌ನದು; ಅದನ್ನೇ ಹಿಡಿದು 3 ಕಿಲೋವ್ಯಾಟ್ ಎಂದು ಬರೆದಿದ್ದರು. ಸಬ್ಸಿಡಿಗೆ ಲೆಕ್ಕ ಹಿಡಿಯುವುದು ಪ್ಯಾನೆಲ್, ಇನ್ವರ್ಟರ್ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು. ಆದ್ದರಿಂದ ಆ 78,000 ಕೂಡ ಪೂರ್ತಿ ಬರುತ್ತಿರಲಿಲ್ಲ. ಎರಡನೆಯವರದು 540ರ ಆರು, 3,240 ವ್ಯಾಟ್. ಮೂರನೆಯವರದು 550ರ ಆರು, 3,300 ವ್ಯಾಟ್.

ಆಮೇಲೆ ಜಿಎಸ್‌ಟಿ. ಸೋಲಾರ್ ಫಿಟ್ಟಿಂಗ್‌ನಲ್ಲಿ ಶೇ. 70 ಭಾಗವನ್ನು ಸಾಮಾನು, ಶೇ. 30 ಭಾಗವನ್ನು ಕೆಲಸ ಎಂದು ಹಿಡಿದು ತೆರಿಗೆ ಹಾಕುತ್ತಾರೆ. ಸಾಮಾನಿಗೆ ಶೇ. 12, ಕೆಲಸಕ್ಕೆ ಶೇ. 18 ಇದ್ದಾಗ ಒಟ್ಟು ಶೇ. 13.8 ಆಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸಾಮಾನಿನ ದರ ಶೇ. 5ಕ್ಕೆ ಇಳಿದು ಒಟ್ಟು ಶೇ. 8.9 ಆಗಿದೆ. ನನ್ನ ಕೊಟೇಶನ್‌ಗಳೆಲ್ಲ ಅದರ ನಂತರದವು. ಆದರೂ ಮೂರನೆಯವರು ಹಳೇ ನಮೂನೆಯಲ್ಲೇ ಶೇ. 13.8 ಹಾಕಿದ್ದರು, ಫೋನ್ ಮಾಡಿ ಹೇಳಿದ ತಕ್ಷಣ ತಿದ್ದಿ ಕಳಿಸಿದರು, ಮೊತ್ತ 2,04,800ರ ಹತ್ತಿರಕ್ಕೆ ಬಂತು. ಎರಡನೆಯವರು ಸರಿಯಾದ ತೆರಿಗೆ ಸೇರಿಸಿಯೇ ಕೊಟ್ಟಿದ್ದರು. ಮೊದಲನೆಯವರ ಕಾಗದದ ತಳದಲ್ಲಿ ಸಣ್ಣಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿತ್ತು. ಸೇರಿಸಿದರೆ 1,76,400.

ಈಗ ಒಟ್ಟು ಮೊತ್ತವನ್ನು ಪ್ಯಾನೆಲ್‌ಗಳ ಒಟ್ಟು ವ್ಯಾಟ್‌ನಿಂದ ಭಾಗಿಸಿದೆ. ಎಲ್ಲರಿಗಿಂತ ಅಗ್ಗವೆಂದುಕೊಂಡಿದ್ದ ಮೊದಲನೆಯವರದು ವ್ಯಾಟ್‌ಗೆ 65 ರೂಪಾಯಿ ದಾಟಿತು. ಎರಡನೆಯವರದು 61, ಮೂರನೆಯವರದು 62. ಹಣಕ್ಕೆ ಸಂಬಂಧಿಸಿ ನಾನು ಮಾಡಿದ ಅತಿ ಉಪಯುಕ್ತ ಕೆಲಸ ಈ ಒಂದು ಭಾಗಾಕಾರ. ಯಾವ ಕೊಟೇಶನ್ ಬಂದರೂ ಮೊದಲು ಇದನ್ನು ಮಾಡಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ದರ ಒಂದು ಮಟ್ಟಕ್ಕೆ ಬಂದ ಮೇಲೆ ಉಳಿದದ್ದು ಸ್ಟ್ರಕ್ಚರ್. ಪ್ಯಾನೆಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದನ್ನು ಹೊತ್ತು ನಿಲ್ಲುವ ಕಬ್ಬಿಣದ ಬಗ್ಗೆ ಕೇಳುವವರು ಕಡಿಮೆ. ಒಂದೊಂದು ಪ್ಯಾನೆಲ್ ಸುಮಾರು ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ, 30 ಕಿಲೋ ಆಸುಪಾಸು ತೂಕ. ಆರನ್ನು ಒಟ್ಟಿಗೆ ನಿಲ್ಲಿಸಿದರೆ ಗಾಳಿಗೆ ಅದು ದೊಡ್ಡದೊಂದು ಹಾಯಿ. ಭಾರ ಕೆಳಗೆ ಒತ್ತುವುದಕ್ಕಿಂತ ಗಾಳಿ ಮೇಲಕ್ಕೆ ಎತ್ತುವುದೇ ಹೆಚ್ಚು ಅಪಾಯ. ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗ ಎಂದು ಕೊಟ್ಟಿದ್ದಾರೆ. ನಮ್ಮ ಜಾಗಕ್ಕೆ ಎಷ್ಟು ವೇಗ ಹಿಡಿದು ಕಾಲುಗಳ ಲೆಕ್ಕ ಹಾಕಿದ್ದೀರಿ ಎಂದು ಮೂವರನ್ನೂ ಕೇಳಿದೆ. ಮೂರನೆಯವರು ಮಾತ್ರ ಇಂಜಿನಿಯರ್ ಸಹಿ ಇರುವ ಡ್ರಾಯಿಂಗ್ ಕಳಿಸಿದರು.

ನಮ್ಮದು ಮಳೆಯ ಊರು, ತುಕ್ಕಿನ ಊರು. ಎರಡನೆಯವರ ಕೊಟೇಶನ್‌ನಲ್ಲಿ ‘ಜಿಐ ಸ್ಟ್ರಕ್ಚರ್’ ಎಂದಷ್ಟೇ ಇತ್ತು. ಜಿಐ ಅಂದರೆ ಅಂಗಡಿಯಲ್ಲಿ ಸಿಗುವ, ತೆಳು ಸತುವಿನ ಲೇಪದ ಪೈಪೂ ಆಗಬಹುದು. ಕತ್ತರಿಸಿ ತೂತು ಹಾಕಿದ ಮೇಲೆ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದ, 80 ಮೈಕ್ರಾನ್ ಲೇಪದ ಹಾಟ್ ಡಿಪ್ ಪೈಪೂ ಆಗಬಹುದು. ಎರಡಕ್ಕೂ ಬೆಲೆಯಲ್ಲೂ ಬಾಳಿಕೆಯಲ್ಲೂ ಬಹಳ ಅಂತರ. ಕೇಳಿದಾಗ ಅವರದು ಮೊದಲನೇ ಬಗೆ, ತಾರಸಿಯ ಮೇಲೇ ವೆಲ್ಡಿಂಗ್ ಮಾಡಿ ಜೋಡಿಸುತ್ತೇವೆ ಎಂದರು. ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟುಹೋಗುತ್ತದೆ, ಮೇಲೆ ಬೆಳ್ಳಿ ಬಣ್ಣ ಹೊಡೆದರೂ ಎರಡು ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರು. ಪ್ಯಾನೆಲ್ 25 ವರ್ಷ ಬಾಳುತ್ತದೆ ಎಂದು ಹಣ ಹಾಕಿ, ಅದರ ಕಾಲು ಹತ್ತು ವರ್ಷಕ್ಕೇ ಕೊರೆದುಹೋದರೆ ಏನು ಬಂತು? ಮೂರನೆಯವರದು ಹಾಟ್ ಡಿಪ್, ಪೂರ್ತಿ ಬೋಲ್ಟ್ ಜೋಡಣೆ. ಕಾಲುಗಳನ್ನು ಮೋಲ್ಡ್‌ಗೆ ತೂತು ಕೊರೆದು ಕೂರಿಸುವ ಬದಲು ಕಾಂಕ್ರೀಟ್ ಪೆಡೆಸ್ಟಲ್ ಕಟ್ಟಿ ನಿಲ್ಲಿಸುವುದು, ಬುಡಕ್ಕೆ ವಾಟರ್‌ಪ್ರೂಫಿಂಗ್. ಜೂನ್‌ನಿಂದ ಆಗಸ್ಟ್‌ವರೆಗೆ ಸೋರುವ ತಾರಸಿಯ ಕೆಳಗೆ ಬದುಕಿದವರಿಗೆ ಈ ಸಾಲಿನ ಬೆಲೆ ಗೊತ್ತು.

ಎತ್ತರದ ಪ್ರಶ್ನೆಯೂ ಇತ್ತು. ಅಮ್ಮನಿಗೆ ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ ಒಣಗಿಸಲು ತಾರಸಿ ಬೇಕೇ ಬೇಕು. ಮೊದಲನೆಯವರದು ಎರಡಡಿ ಎತ್ತರ, ತಾರಸಿಯ ಅರ್ಧ ಜಾಗ ಹೋಗುತ್ತಿತ್ತು. ಮೂರನೆಯವರದು ಎಂಟಡಿ, ಕೆಳಗೆ ಓಡಾಡಬಹುದು, ಬಟ್ಟೆ ಹರವಬಹುದು. ಎತ್ತರ ಹೆಚ್ಚಿದಷ್ಟೂ ಕಬ್ಬಿಣ ಹೆಚ್ಚು, ಹಣ ಹೆಚ್ಚು. ಎರಡಡಿಯ ಕೊಟೇಶನ್ನನ್ನು ಎಂಟಡಿಯದರ ಪಕ್ಕ ಇಟ್ಟು ‘ಇದು ಅಗ್ಗ’ ಎನ್ನುವಂತಿಲ್ಲ.

ಅರ್ತಿಂಗ್ ಬಗ್ಗೆ ಇಬ್ಬರು ‘ಸೇರಿದೆ’ ಎಂದು ಒಂದೇ ಪದದಲ್ಲಿ ಮುಗಿಸಿದ್ದರು. ಎಷ್ಟು ಗುಂಡಿ ಎಂದು ಕೇಳಿದರೆ ಒಂದು. ಪ್ಯಾನೆಲ್‌ನ ಡಿ.ಸಿ. ಕಡೆಗೆ, ಇನ್ವರ್ಟರ್‌ನಿಂದ ಆಚೆಯ ಎ.ಸಿ. ಕಡೆಗೆ, ಸಿಡಿಲು ತಡೆಗೆ ಬೇರೆ ಬೇರೆ ಮೂರು ಬೇಕು. ಏಪ್ರಿಲ್, ಮೇ ತಿಂಗಳ ಮಲೆನಾಡಿನ ಸಿಡಿಲು ನೋಡಿದವರು ಇದರಲ್ಲಿ ರಾಜಿ ಮಾಡಿಕೊಳ್ಳಬಾರದು. ಮೂರು ಗುಂಡಿ, ತಾಮ್ರಲೇಪದ ರಾಡ್, ಎರಡೂ ಕಡೆ ಸರ್ಜ್ (ಕರೆಂಟ್‌ನ ದಿಢೀರ್ ಏರಿಕೆ) ತಡೆಯುವ ಡಬ್ಬಿ ಎಂದು ನಾನೇ ಬರೆದು ಕೊಟ್ಟು ಒಪ್ಪಿಗೆ ಪಡೆದೆ.

ಪ್ಯಾನೆಲ್ ಕಂಪನಿಯ ಬಗ್ಗೆ ನಾನು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಸಬ್ಸಿಡಿ ಬೇಕಾದರೆ ಸೆಲ್ಲೂ ಪ್ಯಾನೆಲ್ಲೂ ಭಾರತದಲ್ಲೇ ತಯಾರಾದ ಡಿಸಿಆರ್ ಪ್ಯಾನೆಲ್ ಆಗಿರಲೇಬೇಕು. ಹೆಸರುವಾಸಿ ಕಂಪನಿಗಳ ವಾರಂಟಿ ಬಹುಪಾಲು ಒಂದೇ ತರಹ ಇರುತ್ತದೆ. ನಾನು ಹಟ ಹಿಡಿದದ್ದು ಒಂದಕ್ಕೆ: ಮೊದಲನೆಯವರು ಮೂರು ಕಂಪನಿಗಳ ಹೆಸರು ಬರೆದು ‘ಅಥವಾ ತತ್ಸಮಾನ’ ಎಂದು ಸೇರಿಸಿದ್ದರು. ತತ್ಸಮಾನ ಯಾವುದು ಎಂದು ತೀರ್ಮಾನಿಸುವವರು ಅವರೇ. ಒಂದೇ ಕಂಪನಿ, ಒಂದೇ ಮಾಡೆಲ್ ನಂಬರ್ ಬರೆಯದ ಕಾಗದಕ್ಕೆ ಸಹಿ ಹಾಕುವುದು ಸರಿಯಲ್ಲ. ಇನ್ವರ್ಟರ್‌ಗೂ ಹಾಗೆಯೇ, 25 ವರ್ಷದೊಳಗೆ ಅದನ್ನು ಒಮ್ಮೆ ಬದಲಿಸಬೇಕಾಗಿ ಬರುವ ಸಾಧ್ಯತೆ ಹೆಚ್ಚು, ಆದ್ದರಿಂದ ಐದು ವರ್ಷದ ವಾರಂಟಿಗಿಂತ ಹತ್ತು ವರ್ಷದ್ದಕ್ಕೆ ಸ್ವಲ್ಪ ಹೆಚ್ಚು ಕೊಡುವುದು ಲಾಭವೇ.

ಹಣ ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಎಂಬ ಪಟ್ಟಿಯನ್ನು ಮೊದಲಿನ ಇಬ್ಬರೂ ಲಗತ್ತಿಸಿದ್ದರು. ಒಂದರಲ್ಲಿ ದಿನಕ್ಕೆ 15 ಯೂನಿಟ್, ಯೂನಿಟ್‌ಗೆ 8 ರೂಪಾಯಿ, ಪ್ರತಿ ವರ್ಷ ಶೇ. 5 ದರ ಏರಿಕೆ ಎಂದು ಹಿಡಿದಿದ್ದರು. ನಮ್ಮ ಗೃಹ ಬಳಕೆಯ ದರ ನಡೆದು ಬಂದ ದಾರಿ ಹಾಗಿಲ್ಲ. 100 ಯೂನಿಟ್ ದಾಟಿದವರಿಗೆ 7 ರೂಪಾಯಿ ಇದ್ದದ್ದನ್ನು, ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ 2024ರ ಏಪ್ರಿಲ್‌ನಿಂದ 5.90ಕ್ಕೆ, 2025ರ ಏಪ್ರಿಲ್‌ನಿಂದ 5.80ಕ್ಕೆ ಇಳಿಸಿತು. ಏರಿದ್ದು ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಹೋದ ನಿಗದಿತ ಶುಲ್ಕ. ಸೋಲಾರ್ ಹಾಕಿಸಿದರೂ ಅದನ್ನು ಕಟ್ಟಲೇಬೇಕು. ‘ಬಿಲ್ ಸೊನ್ನೆ’ ಎನ್ನುವವರು ಇದನ್ನು ಹೇಳುವುದಿಲ್ಲ. ತೆರಿಗೆ, ಸರ್‌ಚಾರ್ಜ್ ಸೇರಿಸಿ ಯೂನಿಟ್‌ಗೆ ಆರೂವರೆ ರೂಪಾಯಿ, ವರ್ಷಕ್ಕೆ 4,200 ಯೂನಿಟ್ ಹಿಡಿದರೆ ಉಳಿತಾಯ 27,000 ಚಿಲ್ಲರೆ. ಸಬ್ಸಿಡಿ ಕಳೆದು ನನ್ನ ಕೈಯಿಂದ ಹೋಗುವುದು 1,27,000ದ ಹತ್ತಿರ. ಐದು ವರ್ಷದೊಳಗೆ ತೀರುತ್ತದೆ. ಉತ್ಪ್ರೇಕ್ಷೆ ಇಲ್ಲದೆಯೂ ಇದು ಒಳ್ಳೆಯ ಹೂಡಿಕೆ, ಸುಳ್ಳು ಪಟ್ಟಿಯ ಅಗತ್ಯವೇ ಇಲ್ಲ.

ಮೂರನೆಯವರ ಕಡೆಯಿಂದ ಬಂದ ಹುಡುಗ ತಾರಸಿ ಹತ್ತಿ ಪಕ್ಕದ ಮನೆಯ ತೆಂಗಿನಮರ, ನಮ್ಮ ಸಿಂಟೆಕ್ಸ್ ಟ್ಯಾಂಕು ಎರಡನ್ನೂ ಅಳತೆ ಮಾಡಿದ. ‘ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಇರ್ತಾನಲ್ಲ ಸಾರ್, ಆಗ ಮಧ್ಯಾಹ್ನದ ನೆರಳು ಎಲ್ಲಿವರೆಗೆ ಬರುತ್ತೆ ನೋಡಬೇಕು’ ಎಂದು ಪ್ಯಾನೆಲ್ ಸಾಲನ್ನು ಆರಡಿ ಪೂರ್ವಕ್ಕೆ ಸರಿಸಿ ಗುರುತು ಹಾಕಿದ. ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸುವುದರಿಂದ ಒಂದರ ಮೇಲೆ ಬಿದ್ದ ನೆರಳು ಉಳಿದವುಗಳ ಉತ್ಪಾದನೆಗೂ ಪೆಟ್ಟು ಕೊಡಬಹುದು. ಉಳಿದಿಬ್ಬರೂ ಫೋನ್‌ನಲ್ಲಿ ತಾರಸಿಯ ಫೋಟೋ ತರಿಸಿಕೊಂಡು ಕೊಟೇಶನ್ ಕಳಿಸಿದವರು.

ಕರೆಂಟ್ ಹೋದಾಗ ಏನಾಗುತ್ತದೆ ಎಂದು ಮೂವರನ್ನೂ ಕೇಳಿದ್ದೆ. ‘ಬಿಸಿಲಿದ್ದರೆ ನಡೆಯುತ್ತೆ’ ಎಂದರು ಒಬ್ಬರು. ಆನ್‌ಗ್ರಿಡ್ ಇನ್ವರ್ಟರ್ ಹಾಗೆ ನಡೆಯುವುದಿಲ್ಲ. ನಮ್ಮ ಕರೆಂಟ್ ಲೈನ್‌ಗೆ ಹರಿದರೆ ಅಲ್ಲಿ ಕೆಲಸ ಮಾಡುವ ಲೈನ್‌ಮನ್ ಜೀವದ ಪ್ರಶ್ನೆ ಅದು, ಗ್ರಿಡ್ ಇಲ್ಲದಾಗ ಅದು ತಾನಾಗಿ ನಿಲ್ಲಲೇಬೇಕು. ಬ್ಯಾಟರಿ ಸಮೇತ ಹೈಬ್ರಿಡ್ ಹಾಕಿಸಿದರೆ ಬೇರೆ. ನಮಗೆ ಹಳೆಯ ಯುಪಿಎಸ್ ಸಾಕು ಎಂದು ಅದನ್ನು ಬಿಟ್ಟೆ.

ಹಣ ಕೊಡುವ ಕ್ರಮದಲ್ಲಿ ಮಾತ್ರ ಮೂರನೆಯವರೊಂದಿಗೂ ಎಳೆದಾಡಬೇಕಾಯಿತು. ಸಾಮಾನು ಬರುವ ಮೊದಲೇ ಶೇ. 80 ಕೇಳಿದ್ದರು. ಮಾತಾಡಿ ಆರ್ಡರ್‌ಗೆ 20, ಸಾಮಾನು ಮನೆಗೆ ಬಂದ ಮೇಲೆ 50, ಫಿಟ್ಟಿಂಗ್‌ಗೆ 20, ನೆಟ್ ಮೀಟರ್ ಕೂತ ದಿನ 10 ಎಂದು ಬರೆಸಿಕೊಂಡೆ. ಮೆಸ್ಕಾಂ ಕಾಗದಪತ್ರ, ಎರಡೂ ದಿಕ್ಕಿನ ಮೀಟರ್‌ನ ಖರ್ಚು, ಯೋಜನೆಯ ನಿಯಮದಂತೆ ಐದು ವರ್ಷದ ನಿರ್ವಹಣೆ, ಎಲ್ಲವನ್ನೂ ಅದೇ ಒಪ್ಪಂದದಲ್ಲಿ ಸೇರಿಸಿದೆ. ಪ್ಯಾನೆಲ್ ಬಂದ ದಿನ ಸ್ಟ್ರಕ್ಚರ್ ಮೇಲೆ ಏರಿಸುವ ಮುನ್ನ ಆರರ ಸೀರಿಯಲ್ ನಂಬರ್‌ಗಳ ಫೋಟೋ ತೆಗೆದು, ಡಿಸಿಆರ್ ಸರ್ಟಿಫಿಕೇಟ್‌ನಲ್ಲಿದ್ದ ನಂಬರ್‌ಗಳಿಗೆ ತಾಳೆ ಹಾಕಿದೆ. ಒಮ್ಮೆ ಎಂಟಡಿ ಎತ್ತರದಲ್ಲಿ ಬೋಲ್ಟ್ ಬಿಗಿದ ಮೇಲೆ ಆ ಸ್ಟಿಕ್ಕರ್ ಓದುವುದು ಕಷ್ಟ. ಆ ಕೊನೆಯ ಶೇ. 10 ನನ್ನ ಬಳಿ ಇದ್ದದ್ದರಿಂದಲೇ ಮೀಟರ್ ಕೂರುವವರೆಗೂ ಅವರ ಹುಡುಗ ಮೆಸ್ಕಾಂ ಕಚೇರಿಗೆ ಓಡಾಡಿ ಕೆಲಸ ಮುಗಿಸಿಕೊಟ್ಟ.