ಸ್ಫೆರೋಮೀಟರಿನ ಎರಡು ಗೆರೆ

ಎಸ್ಸೆಸ್ಸೆಲ್ಸಿವರೆಗೆ ನಾನು ಕನ್ನಡ ಮೀಡಿಯಂ. ಬಿ.ಎಸ್ಸಿ. ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಸೇರಿದ ಮೊದಲ ವರ್ಷ, ಸೂತ್ರಗಳನ್ನು ಹಂತಹಂತವಾಗಿ ಸಾಧಿಸುವ ಡಿರೈವೇಶನ್‌ಗಳನ್ನು ಬಾಯಿಪಾಠ ಮಾಡಿಯೇ ಪಾಸಾದೆ. ಫಿಸಿಕ್ಸ್ ಕೈಗೆ ಹತ್ತಿದ್ದು ಎರಡನೇ ವರ್ಷದ ಲ್ಯಾಬಿನಲ್ಲಿ, ನ್ಯೂಟನ್ಸ್ ರಿಂಗ್ಸ್ ಪ್ರಯೋಗ ಮಾಡುವಾಗ. ಬೆಳಕಿನ ಬಳೆಗಳನ್ನು ಅಳೆದು ಆ ಬೆಳಕಿನ ತರಂಗಾಂತರ ಕಂಡುಹಿಡಿಯುವ ಪ್ರಯೋಗ ಅದು.

ಸಮತಟ್ಟಾದ ಗಾಜಿನ ಮೇಲೆ ಉಬ್ಬು ಲೆನ್ಸ್ ಇಟ್ಟು, ಮೇಲಿನಿಂದ ಸೋಡಿಯಂ ದೀಪದ ಬೆಳಕು ಬೀಳಿಸಬೇಕು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ನಡುವೆ ಒಂದು ಕಪ್ಪು ಬೊಟ್ಟು, ಸುತ್ತ ಹಳದಿ, ಕಪ್ಪು ಬಳೆಗಳು. ಹೊರಗೆ ಹೋದ ಹಾಗೆ ಬಳೆಗಳು ಒತ್ತೊತ್ತಾಗುತ್ತವೆ. ಹತ್ತನೇ ಬಳೆಯ ಅಡ್ಡಳತೆಯೇ ಸುಮಾರು ಅರ್ಧ ಸೆಂಟಿಮೀಟರ್. ಬಳೆ ಅಳೆಯುವಾಗ ಮೈಕ್ರೋಸ್ಕೋಪಿನ ಸ್ಕ್ರೂ ಒಂದೇ ದಿಕ್ಕಿಗೆ ತಿರುಗಿಸಬೇಕು, ನಡುವೆ ಹಿಂದಕ್ಕೆ ತಿರುಗಿಸಿದರೆ ರೀಡಿಂಗ್ ಕೆಡುತ್ತದೆ. ಇಷ್ಟೆಲ್ಲ ಜೋಪಾನ ಮಾಡಿದರೂ ನನಗೆ ಬಂದ ತರಂಗಾಂತರ 633 ನ್ಯಾನೊಮೀಟರ್. ಬರಬೇಕಾಗಿದ್ದು 589.3.

"ಉತ್ತರ ಗೊತ್ತಲ್ವಾ? ಹಿಂದಿನಿಂದ ಲೆಕ್ಕ ಹಾಕಿ ರೀಡಿಂಗ್ ಬರ್ಕೋ" ಅಂದ ಪಕ್ಕದ ಗೆಳೆಯ. ಮನಸ್ಸು ಅತ್ತ ವಾಲಿತ್ತು. ಅಷ್ಟರಲ್ಲಿ ಸರ್ ಬಂದು ನೋಡಿದರು. "633 ಅಂತಲೇ ಬರಿ. ಯಾಕೆ ಬಂತು ಅಂತ ನಾಳೆ ಹೇಳು" ಅಂದರು.

ರಾತ್ರಿ ರೂಮಿನಲ್ಲಿ ಕೂತು ಒಂದೊಂದೇ ಅಳತೆ ಪರೀಕ್ಷಿಸಿದೆ. ಅಡ್ಡಳತೆಯ ವರ್ಗಕ್ಕೂ ಬಳೆಯ ಸಂಖ್ಯೆಗೂ ಗ್ರಾಫ್ ಹಾಕಿದರೆ ನೆಟ್ಟಗೆ ಸರಳರೇಖೆ ಬಂತು. ಅಂದರೆ ಬಳೆಗಳ ರೀಡಿಂಗ್ ಸರಿಯಿದೆ. ಉಳಿದಿದ್ದು ಲೆನ್ಸಿನ ವಕ್ರತೆಯ ತ್ರಿಜ್ಯ, ಅಂದರೆ ಆ ಉಬ್ಬು ಯಾವ ಗೋಳದ ಭಾಗವೋ ಆ ಗೋಳದ ತ್ರಿಜ್ಯ. ತರಂಗಾಂತರದ ಸೂತ್ರದಲ್ಲಿ ಇದರಿಂದ ಭಾಗಿಸಬೇಕು. ಅದನ್ನು ಸ್ಫೆರೋಮೀಟರಿನಲ್ಲಿ (ಉಬ್ಬಿನ ಎತ್ತರ ಅಳೆಯುವ ಉಪಕರಣ) ಅಳೆದಿದ್ದೆ. ಲೆನ್ಸಿನ ಉಬ್ಬು ಬರೀ 0.29 ಮಿಲಿಮೀಟರ್, ಉಪಕರಣ ಅಳೆಯುವ ಅತಿ ಸಣ್ಣ ಅಳತೆ, ಅಂದರೆ ಒಂದು ಗೆರೆ, 0.01. ಒಂದು ಗೆರೆ ತಪ್ಪಿದರೆ ತ್ರಿಜ್ಯದಲ್ಲಿ ಶೇ. 3ಕ್ಕಿಂತ ಜಾಸ್ತಿ ವ್ಯತ್ಯಾಸ! ಇಡೀ ಮಧ್ಯಾಹ್ನ ಬಳೆಗಳ ಮೇಲೆ ಕಣ್ಣಿಟ್ಟಿದ್ದೆ, ಇದನ್ನು ಎರಡೇ ನಿಮಿಷದಲ್ಲಿ ಮುಗಿಸಿದ್ದೆ.

ಮರುದಿನ ಸ್ಫೆರೋಮೀಟರನ್ನು ಸಮತಟ್ಟಾದ ಗಾಜಿನ ಮೇಲಿಟ್ಟೆ. ಸೊನ್ನೆ ತೋರಿಸಬೇಕಾದ ಕಡೆ ಎರಡು ಗೆರೆ ತೋರಿಸಿತು. ಸೊನ್ನೆಯ ರೀಡಿಂಗನ್ನೇ ನಾನು ತೆಗೆದುಕೊಂಡಿರಲಿಲ್ಲ. 0.29 ಹೋಗಿ 0.27 ಆಯಿತು, ತ್ರಿಜ್ಯ 92ರಿಂದ 99 ಸೆಂಟಿಮೀಟರಿಗೆ ಏರಿತು. ತರಂಗಾಂತರ 590ರ ಹತ್ತಿರ ಬಂತು. ಆ ಖುಷಿ ಯಾವ ಮಾರ್ಕ್ಸಿನಲ್ಲೂ ಸಿಕ್ಕಿರಲಿಲ್ಲ.

ಅಲ್ಲಿಂದ ಓದುವ ರೀತಿಯೇ ಬದಲಾಯಿತು. ಪುಸ್ತಕ ಮುಚ್ಚಿ ಡಿರೈವೇಶನ್ ಬರೆಯುತ್ತೇನೆ. ಕೈ ನಿಂತ ಕಡೆ ಪೆನ್ಸಿಲ್ ಗುರುತು ಹಾಕಿ, ಯಾಕೆ ನಿಂತಿತು ಅಂತ ಪಕ್ಕದಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ವೆಕ್ಟರಿನ ಕರ್ಲ್, ಅಂದರೆ ಹರಿವು ಒಂದು ಜಾಗದಲ್ಲಿ ಎಷ್ಟು ತಿರುಗಿಸುತ್ತದೆ ಅನ್ನುವ ಅಳತೆ, ಹೀಗೇ ಅರ್ಥವಾಯಿತು. ನಮ್ಮೂರು ಮಂಡ್ಯ ಕಡೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ನೆಟ್ಟಗೇ ಹರಿಯುತ್ತದೆ, ಆದರೆ ದಡದ ಹತ್ತಿರ ನಿಧಾನ, ನಡುವೆ ಜೋರು. ದಡದ ಪಕ್ಕ ಬಿದ್ದ ಎಲೆಯ ಒಂದು ಬದಿಗೆ ಎಳೆತ ಜಾಸ್ತಿ, ಅದಕ್ಕೇ ಅದು ತಿರುಗುತ್ತಾ ಸಾಗುತ್ತದೆ. ಸುಳಿಯೇ ಇಲ್ಲದ ನೀರಿನಲ್ಲೂ ಕರ್ಲ್ ಇರುತ್ತದೆ ಅನ್ನೋದನ್ನು ಆ ಎಲೆ ತೋರಿಸಿಕೊಟ್ಟಿತು.

ಈಗ ಯಾವುದೇ ಪ್ರಯೋಗದ ಹಿಂದಿನ ದಿನವೇ, ಯಾವ ಅಳತೆ ತಪ್ಪಿದರೆ ಉತ್ತರ ಜಾಸ್ತಿ ಕೆಡುತ್ತದೆ ಅಂತ ಲೆಕ್ಕ ಹಾಕಿಕೊಳ್ಳುತ್ತೇನೆ. ಸರಳನ್ನು ಓಲಾಡಿಸಿ ಗುರುತ್ವದ ವೇಗೋತ್ಕರ್ಷ (g) ಕಂಡುಹಿಡಿಯುವ ಬಾರ್ ಪೆಂಡುಲಮ್ಮಿನಲ್ಲಿ ಅದು ಸಮಯ, ಯಾಕಂದರೆ ಸೂತ್ರದಲ್ಲಿ ಅದರ ವರ್ಗ ಬರುತ್ತದೆ. ಒಂದು ಓಲಾಟಕ್ಕೆ 1.6 ಸೆಕೆಂಡ್ ಅಂದುಕೊಳ್ಳಿ. ಸ್ಟಾಪ್‌ವಾಚ್ ಒತ್ತುವ ಕೈ 0.2 ಸೆಕೆಂಡ್ ತಡವಾದರೆ, 20 ಓಲಾಟ ಎಣಿಸಿದವರಿಗೆ ಉತ್ತರದಲ್ಲಿ ಶೇ. 1.25ರಷ್ಟು ತಪ್ಪು. 50 ಎಣಿಸಿದರೆ ಶೇ. 0.5 ಅಷ್ಟೇ. ನಾನು 50 ಎಣಿಸುತ್ತೇನೆ.