ಎಂಎಸ್ ಇರುವವರ ಕಾಲು ಸೋತರೆ ನಾನು ಮೊದಲು ಹುಡುಕುವುದು ಸೋಂಕನ್ನು

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇರುವವರನ್ನು ನೋಡುವ ನರರೋಗ ವೈದ್ಯೆ ನಾನು. "ಕಾಲು ಮತ್ತೆ ಎತ್ತೋಕಾಗ್ತಿಲ್ಲ ಡಾಕ್ಟ್ರೇ, ಸ್ಟೀರಾಯ್ಡ್ ಕೊಟ್ಟುಬಿಡಿ" ಅಂತ ಯಾರಾದರೂ ಬಂದರೆ ಮೊದಲು ಬೇರೆಯದನ್ನೇ ಕೇಳುತ್ತೇನೆ. ಜ್ವರ ಇದೆಯಾ? ಕೆಮ್ಮು? ಮೂತ್ರಕ್ಕೆ ಜಾಸ್ತಿ ಸಲ ಹೋಗ್ತಿದ್ದೀರಾ?

ಎಂಎಸ್‌ನಲ್ಲಿ ನರದ ಮೇಲಿನ ಮಯಲಿನ್ ಹೊದಿಕೆ ಕಿತ್ತುಹೋಗಿರುತ್ತದೆ. ಮೈ ಸ್ವಲ್ಪ ಬಿಸಿಯಾದರೂ ಅಂಥ ನರ ಸೋಲುತ್ತದೆ. ಹಾಗಾಗಿ ಸೋಂಕು ತಗುಲಿದಾಗ ಹಳೆಯ ತೊಂದರೆಗಳೆಲ್ಲ ಮತ್ತೆ ತಲೆ ಎತ್ತುತ್ತವೆ. ನೋಡೋಕೆ ಥೇಟ್ ರಿಲ್ಯಾಪ್ಸ್, ಅಂದರೆ ಎಂಎಸ್ ಮತ್ತೆ ಕೆರಳಿದ ಹಾಗೆ. ಆದರೆ ಮೆದುಳಲ್ಲಿ ಹೊಸ ಗಾಯ ಆಗಿರುವುದಿಲ್ಲ. ಇದಕ್ಕೆ ಸ್ಟೀರಾಯ್ಡ್ ಕೊಟ್ಟರೆ ಉಪಯೋಗ ಇಲ್ಲ, ಸೋಂಕು ಕೆರಳುವ ಭಯ ಬೇರೆ.

ಹೀಗೆ ಕಾಲು ಸೋತು ಬಂದ ಒಬ್ಬರು ಉರಿಮೂತ್ರ ಇಲ್ಲವೇ ಇಲ್ಲ ಅಂದರು. ಮೂತ್ರಕೋಶದ ನರವೇ ಮಂಕಾಗಿದ್ದರೆ ಉರಿ ಗೊತ್ತಾಗುವುದಾದರೂ ಹೇಗೆ? ಪರೀಕ್ಷೆಯ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿದೆವು. ಬಿಳಿ ರಕ್ತಕಣ ತೋರಿಸುವ ಚೌಕ ನೇರಳೆಗೆ ತಿರುಗಿತು, ಬ್ಯಾಕ್ಟೀರಿಯಾದ ಸುಳಿವು ಕೊಡುವ ನೈಟ್ರೈಟ್ ಚೌಕ ಗುಲಾಬಿಯಾಯಿತು. ಎರಡೂ ಸೋಂಕಿನ ಗುರುತು. ಯಾವ ಬ್ಯಾಕ್ಟೀರಿಯಾ ಅಂತ ತಿಳಿಯೋಕೆ ಮೂತ್ರವನ್ನು ಕಲ್ಚರ್‌ಗೆ ಕಳಿಸಿ ಆ್ಯಂಟಿಬಯಾಟಿಕ್ ಶುರು ಮಾಡಿದೆ. ಸ್ಕ್ಯಾನ್‌ನಲ್ಲಿ ನೋಡಿದರೆ ಮೂತ್ರಕೋಶ ಪೂರ್ತಿ ಖಾಲಿಯೇ ಆಗುತ್ತಿರಲಿಲ್ಲ; ಹಾಗೆ ಉಳಿದ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಸೋಂಕು ಇಳಿಯುತ್ತಾ ಬಂದ ಹಾಗೆ ಕಾಲಿಗೂ ಬಲ ಬಂತು. ಸ್ಟೀರಾಯ್ಡ್ ಬೇಕಾಗಲೇ ಇಲ್ಲ.

ಇಷ್ಟು ನೋಡಿದವರು ಕೇಳುವುದು ಸಹಜ: "ಹಾಗಾದ್ರೆ ಎಂಎಸ್ ಬರೋದೇ ಬ್ಯಾಕ್ಟೀರಿಯಾದಿಂದ ಅಲ್ವಾ?" ಒಳ್ಳೆಯ ಪ್ರಶ್ನೆ. 1999ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಕ್ಲಮೈಡಿಯಾ ನ್ಯೂಮೋನಿಯೇ ಅನ್ನೋ ಬ್ಯಾಕ್ಟೀರಿಯಾ ಸಿಕ್ಕಿತು ಅಂದರು. ಬೇರೆ ಹಲವು ಲ್ಯಾಬ್‌ಗಳಿಗೆ ಅದು ಸಿಗಲಿಲ್ಲ. 2017ರಲ್ಲಿ ಕೆನಡಾದ ವೈದ್ಯರು ಎಂಎಸ್‌ನ ಮೊದಲ ಲಕ್ಷಣ ಕಂಡವರಿಗೆ ಮಿನೋಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಕೊಟ್ಟು ನೋಡಿದರು. 6 ತಿಂಗಳಲ್ಲಿ ಎಂಎಸ್‌ಗೆ ತಿರುಗುವ ಅಪಾಯ ಸುಳ್ಳುಮಾತ್ರೆ (ಔಷಧಿಯೇ ಇಲ್ಲದ್ದು) ತಗೊಂಡವರಲ್ಲಿ ಶೇ. 61, ಮಿನೋಸೈಕ್ಲಿನ್ ತಗೊಂಡವರಲ್ಲಿ ಶೇ. 33. ಆಸೆ ಹುಟ್ಟಿಸುವ ಅಂಕಿಯೇ. ಆದರೆ 2 ವರ್ಷದ ಹೊತ್ತಿಗೆ ಆ ವ್ಯತ್ಯಾಸ ಗಟ್ಟಿಯಾಗಿ ಉಳಿಯಲಿಲ್ಲ. ಅಲ್ಲದೆ ಈ ಔಷಧಿ ಉರಿಯೂತವನ್ನೂ ತಗ್ಗಿಸುತ್ತದೆ. ಗುಣ ಕಂಡಿತು ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸತ್ತಿದ್ದಕ್ಕೇ ಅಂತ ಹೇಳೋಕಾಗಲ್ಲ. ಈಗ ಬಲವಾದ ಪುರಾವೆ ಇರುವುದು ಎಪ್‌ಸ್ಟೈನ್-ಬಾರ್ ಮೇಲೆ. ಅದು ವೈರಸ್, ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ.

ಆದ್ದರಿಂದ ಎಂಎಸ್ ವಾಸಿಯಾಗಲಿ ಅಂತ ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ಬರೆದುಕೊಡಿ ಅಂದರೆ ನಾನು ಒಪ್ಪುವುದಿಲ್ಲ. ಸುಮ್ನೆ ನುಂಗುತ್ತಾ ಹೋದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗಿ, ನಿಜವಾಗಿ ಮೂತ್ರದ ಸೋಂಕು ಬಂದ ದಿನ ಅದೇ ಮಾತ್ರೆ ಕೆಲಸ ಮಾಡದೆ ಹೋಗಬಹುದು.