ಹಳೇ ಪೈಪು, ಹೊಸ ಶೀಟು: ಅಡಿಕೆ ಒಣಗಿಸಲೊಂದು ಪಾಲಿಹೌಸ್

ಕೊನೆ ಇಳಿಸಿ, ಸುಲಿದು, ಬೇಯಿಸಿ, ಅಂಗಳದಲ್ಲಿ ಹರವಿದ ದಿನವೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಮನೆ ಹಿಂದೊಂದು ಪ್ಲಾಸ್ಟಿಕ್ ಮನೆ ಕಾಣುತ್ತದೆ. ಹೊಸದು ಕಟ್ಟಿಸಲು ಕೈ ಸುಡುತ್ತದೆ ಎನ್ನುವವರು ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ. ಕ್ಯಾಪ್ಸಿಕಂ, ಆಂಥೂರಿಯಂ ಎಂದು ಹುಮ್ಮಸ್ಸಿನಲ್ಲಿ ಹಾಕಿ, ಶೀಟು ಹರಿದ ಮೇಲೆ ಕೈಬಿಟ್ಟ ಪಾಲಿಹೌಸ್‌ಗಳು ಸಿಗುತ್ತವೆ.

ನೆಂಟರು, ಸ್ನೇಹಿತರ ಜಾಗದಲ್ಲಿ ಇಂಥ ಏಳೆಂಟು ಎದ್ದಿದ್ದನ್ನು ನೋಡಿದ್ದೇನೆ, ನಾಲ್ಕಕ್ಕೆ ಕೈಯನ್ನೂ ಜೋಡಿಸಿದ್ದೇನೆ. ಪೈಪು ನಿಲ್ಲಿಸುವುದರಲ್ಲಿ ಯಾರೂ ಸೋತಿಲ್ಲ. ಸೋತವರೆಲ್ಲ ಸೋತದ್ದು ಶೀಟು ಹೊದಿಸುವ ದಿನ. ನಾನೂ ಒಂದು ಸಲ ಸೋತವನೇ, ಅದನ್ನು ಮುಂದೆ ಹೇಳುತ್ತೇನೆ.

ಕೊಳ್ಳುವಾಗ

ಮಾರುವವರು ಚದರಡಿ ಲೆಕ್ಕ ಹೇಳುತ್ತಾರೆ. ನೀವು ಕೆ.ಜಿ. ಲೆಕ್ಕದಲ್ಲೇ ಮಾತಾಡಿ, ಏಕೆಂದರೆ ನೀವು ಕೊಳ್ಳುತ್ತಿರುವುದು ಪೈಪನ್ನು ಮಾತ್ರ. ಕಂಬದ ಬುಡದ ಮಣ್ಣು ಕೆದಕಿ ನೋಡಿ. ಜಿಐ ಪೈಪು ಮೇಲೆಲ್ಲ ಹೊಳೆಯುತ್ತಿದ್ದರೂ ಮಣ್ಣು ತಾಗುವ ಅರ್ಧ ಅಡಿಯಲ್ಲಿ ತುಕ್ಕು ತಿಂದಿರುತ್ತದೆ. ಸುತ್ತಿಗೆಯಲ್ಲಿ ತಟ್ಟಿದರೆ ಠಣ್ ಎನ್ನಬೇಕು. ಡಬ್ ಎಂದರೆ ಅಷ್ಟನ್ನು ಕೊಯ್ದು ಬಿಸಾಡುವ ಲೆಕ್ಕ ಹಾಕಿ. ಕಂಬ ಒಂದಡಿ ಗಿಡ್ಡವಾದರೂ ಅಡಿಕೆ ಒಣಗಿಸಲು ಏನೂ ಕೊರತೆಯಿಲ್ಲ.

ಬಿಚ್ಚುವ ಮುನ್ನ ಪ್ರತಿ ಪೈಪಿಗೂ ಪೇಂಟಿನಲ್ಲಿ ನಂಬರ್ ಬರೆಯಿರಿ. ಸೀಮೆಸುಣ್ಣದಲ್ಲಿ ಬರೆದುಕೊಂಡು ಬಂದವರೊಬ್ಬರು ದಾರಿಯಲ್ಲಿ ಮಳೆ ಹೊಡೆದು, ಏಳು ಕಮಾನುಗಳ ಮುಂದೆ ಒಂದಿಡೀ ದಿನ ತಲೆ ಕೆರೆದುಕೊಂಡು ಕೂತಿದ್ದರು. ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಡೀಸೆಲ್ ಹಚ್ಚಿಟ್ಟರೆ ಅರ್ಧ ಕೆಲಸ ಮುಗಿದಂತೆ.

‘ಶೀಟೂ ಚೆನ್ನಾಗೇ ಇದೆ, ಹಾಗೇ ತಗೊಂಡ್ಹೋಗಿ ಮಾರಾಯ್ರೆ’ ಎನ್ನುತ್ತಾರೆ. ಬೇಡ. ಶೀಟನ್ನು ಪೈಪಿಗೆ ಹಿಡಿದಿಡುವ ಅಂಕುಡೊಂಕು ತಂತಿಯ ಹಳೇ ಸ್ಪ್ರಿಂಗೂ ಬೇಡ. ಅದರ ಪ್ಲಾಸ್ಟಿಕ್ ಲೇಪ ಸುಲಿದು ಒಳಗಿನ ತಂತಿ ತುಕ್ಕು ಹಿಡಿದಿರುತ್ತದೆ, ಹೊಸ ಶೀಟನ್ನು ಗರಗಸದ ಹಾಗೆ ಕೊಯ್ಯುತ್ತದೆ.

ಜಾಗ, ಅಡಿಪಾಯ, ಚೌಕಟ್ಟು

ತೋಟದ ನೆರಳು ಬೀಳದ, ಮಾವು ಹಲಸಿನ ಕೊಂಬೆ ಚಾಚದ ಜಾಗವಾಗಲಿ. ಕೊಂಬೆ ಇದ್ದಲ್ಲಿ ಮಂಗ ಇರುತ್ತದೆ. ಮಂಗ ಶೀಟಿನ ಮೇಲೆ ಒಂದು ಸಲ ಜಾರಿ ರುಚಿ ಹತ್ತಿಸಿಕೊಂಡರೆ ನಿಮ್ಮ ಕಥೆ ಮುಗಿಯಿತು. ಆಷಾಢದ ಗಾಳಿ ಬರುವ ಪಶ್ಚಿಮದ ಕಡೆಗೆ ಮನೆಯ ಕಿರಿದಾದ ಮುಖ ಇರಲಿ. ಅಡಿಕೆ ಬೇಯಿಸುವ ಒಲೆ ಹದಿನೈದು ಅಡಿಯಾದರೂ ದೂರವಿರಲಿ, ಕಿಡಿ ಬಿದ್ದರೆ ತೂತು, ಹೊಗೆ ಕೂತರೆ ಮಬ್ಬು.

ಇಲ್ಲಿ ಲೆಕ್ಕಕ್ಕೆ 20 ಅಡಿ ಅಗಲ, 40 ಅಡಿ ಉದ್ದದ ಮನೆಯನ್ನೇ ಇಟ್ಟುಕೊಳ್ಳೋಣ. 6 ಅಡಿ 8 ಇಂಚಿಗೊಂದರಂತೆ ಏಳು ಕಮಾನು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದರೆ 44 ಅಡಿ ಎಂಟೂವರೆ ಇಂಚಿನ ಆಸುಪಾಸು ಬರಬೇಕು, ಮುಖ್ಯವಾಗಿ ಎರಡೂ ಒಂದೇ ಬರಬೇಕು. ಮಟ್ಟಕ್ಕೆ ಮೇಸ್ತ್ರಿಗಳ ನೀರಿನ ಪೈಪೇ ಸಾಕು. ಗುಂಡಿ ಎರಡಡಿ, ಕಾಂಕ್ರೀಟು ನೆಲದಿಂದ ನಾಲ್ಕಿಂಚು ಮೇಲೆ ಬಂದು ಇಳಿಜಾರಾಗಿ ಮುಗಿಯಲಿ, ಆಗ ಕಂಬದ ಬುಡದಲ್ಲಿ ನೀರು ನಿಲ್ಲುವುದಿಲ್ಲ. ಕಮಾನು ಎತ್ತಿ ನಿಲ್ಲಿಸುವುದು ಐದು ಜನರಿಗೆ ಒಂದು ದಿನದ ಕೆಲಸ. ನಾಲ್ಕು ಮೂಲೆಗೂ ಓರೆ ಪೈಪು ಕೊಡಿ, ‘ಎಂತ ಆಗಲ್ಲ ಬಿಡಿ’ ಎಂದು ವೆಲ್ಡರ್ ಹೇಳಿದರೂ ಕೊಡಿಸಿ. ಕೊಯ್ದ, ವೆಲ್ಡ್ ಮಾಡಿದ ಜಾಗಕ್ಕೆಲ್ಲ ಜಿಂಕ್ ಪೇಂಟು ಹಚ್ಚಿ.

ಕಮಾನುಗಳ ನೆತ್ತಿಯನ್ನು ಉದ್ದಕ್ಕೂ ಜೋಡಿಸುವ ನೆತ್ತಿ ಪೈಪಿನ ವಿಷಯದಲ್ಲಿ ನನ್ನದೊಂದು ಹಟವಿದೆ. ಬಯಲುಸೀಮೆಯಿಂದ ಬಂದ ಹಳೇ ಪಾಲಿಹೌಸ್‌ನಲ್ಲಿ ಅದು ಕಮಾನಿನ ಅಡಿಯಲ್ಲಿ ಹಾದಿರುತ್ತದೆ. ಅದನ್ನು ಬಿಚ್ಚಿ ಕಮಾನಿನ ಮೇಲೆ ಕೂರಿಸಿ. ಕಮಾನಿನ ನೆತ್ತಿ ಚಪ್ಪಟೆಯಾಗಿರುವುದರಿಂದ ನೀರು ಅಲ್ಲೇ ಅನುಮಾನಿಸಿ ನಿಲ್ಲುತ್ತದೆ. ಪೈಪು ಮೇಲೆ ಬಂದರೆ ಶೀಟಿಗೊಂದು ಕೋಡು ಮೂಡುತ್ತದೆ, ನೀರು ಎರಡು ಪಾಲಾಗಿ ಇಳಿಯುತ್ತದೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಪಕ್ಕದಲ್ಲಿರುವಾಗ ಚಪ್ಪಟೆ ಮಾಡು ಕಟ್ಟಿದವರನ್ನು ನಮ್ಮ ಅಜ್ಜಂದಿರು ನೋಡಿದ್ದರೆ ನಗುತ್ತಿದ್ದರು.

ಶೀಟು ತರುವುದು

ಗಾಜು ಲಾಲ್‌ಬಾಗ್‌ಗೆ ಚೆಂದ. ಪಾಲಿಕಾರ್ಬೊನೇಟ್ ಒಳ್ಳೆಯದೇ, ಆದರೆ ಹಳೇ ಪೈಪಿನ ಸೊಟ್ಟ ಕಮಾನಿಗೆ ಅದನ್ನು ಕೂರಿಸುವುದು ದಂಡದ ಕೆಲಸ. ನನ್ನ ಆಯ್ಕೆ 200 ಮೈಕ್ರಾನ್ ದಪ್ಪದ ಯುವಿ ಶೀಟು, ಅಂದರೆ ಬಿಸಿಲಿನ ಅತಿನೇರಳೆ ಕಿರಣ ತಾಳುವಂತೆ ಮಾಡಿದ ಪ್ಲಾಸ್ಟಿಕ್.

ಎಷ್ಟು ಬೇಕೆಂದು ತಿಳಿಯಲು ಕಮಾನಿನ ಮೇಲೆ ಹಗ್ಗ ಹಾಯಿಸಿ ಅಳೆಯಿರಿ. 20 ಅಡಿ ಅಗಲಕ್ಕೆ 5 ಅಡಿ ಏರಿದ ಕಮಾನಾದರೆ ಹಗ್ಗ 23 ಅಡಿ ಚಿಲ್ಲರೆ ಬರುತ್ತದೆ. ಎರಡೂ ಬದಿ ಒಂದೂವರೆ ಅಡಿ ಇಳಿಬಿಟ್ಟರೆ 26 ಅಡಿ, ಅಂದರೆ 8 ಮೀಟರ್. ಉದ್ದಕ್ಕೆ ಎರಡೂ ತುದಿಗೆ ಎರಡೆರಡು ಅಡಿ ಸೇರಿಸಿ 13.5 ಮೀಟರ್.

ಅಂಗಡಿಯಲ್ಲಿ ಮೋಸ ಆಗುವುದು ದಪ್ಪದಲ್ಲಿ. ಬರಿಗಣ್ಣಿಗೆ 150 ಮೈಕ್ರಾನೂ 200 ಮೈಕ್ರಾನೂ ಒಂದೇ. ತಕ್ಕಡಿಗೆ ಮಾತ್ರ ಗೊತ್ತಾಗುತ್ತದೆ: 200 ಮೈಕ್ರಾನ್ ಶೀಟು ಚದರ ಮೀಟರಿಗೆ ಸುಮಾರು 185 ಗ್ರಾಂ ತೂಗಬೇಕು. ಮೇಲೆ ಹೇಳಿದ ಅಳತೆಗೆ ಇಡೀ ಶೀಟು 20 ಕೆ.ಜಿ. ಹತ್ತಿರ ಬರಬೇಕು. 15 ಕೆ.ಜಿ. ಬಂದರೆ ಅದು 150 ಮೈಕ್ರಾನ್, ಸುಮ್ಮನೆ ವಾಪಸು ಕೊಟ್ಟು ಬನ್ನಿ. ನನ್ನ ಮೊದಲ ಶೀಟನ್ನು ತೂಗದೇ ತಂದಿದ್ದೆ.

ಶೀಟು ಹೊದಿಸುವ ಹಿಂದಿನ ದಿನ

ಇಲ್ಲಿಂದ ಮುಂದೆ ಅವಸರ ಬೇಡ.

ಏಣಿ ಹತ್ತಿ, ಕಮಾನಿನ ಮೇಲ್ಮೈ ಪೂರ್ತಿ ಬರಿಗೈ ಆಡಿಸಿ. ಕೈಗೆ ಚುಚ್ಚಿದ್ದು ಶೀಟಿಗೂ ಚುಚ್ಚುತ್ತದೆ. ವೆಲ್ಡಿಂಗ್ ಗಂಟುಗಳನ್ನು ಗ್ರೈಂಡರ್ ಹಿಡಿದು, ಆಮೇಲೆ ಉಪ್ಪುಕಾಗದ ತಿಕ್ಕಿ ನುಣುಪು ಮಾಡಿ. ಬೋಲ್ಟಿನ ತಲೆ ಒಳಮುಖವಾಗಿರಲಿ. ಆಗದಿದ್ದಲ್ಲಿ ಹಳೇ ಪಂಚೆಯ ಚೂರು ನಾಲ್ಕು ಸುತ್ತು ಸುತ್ತಿ ಕಟ್ಟಿ.

ಪೈಪಿಗೆ ಶೀಟು ತಾಗುವ ಜಾಗಕ್ಕೆಲ್ಲ ಬಿಳಿ ಬಣ್ಣ ಹೊಡೆಯಿರಿ. ಬಿಸಿಲಿಗೆ ಕಾದ ಪೈಪಿನ ಮೇಲೆಯೇ ಶೀಟು ಮೊದಲು ಸುಟ್ಟು ಪುಡಿಯಾಗುವುದು. ಕಮಾನಿನ ಗೆರೆಗಳುದ್ದಕ್ಕೂ ಬ್ಲೇಡಿನಲ್ಲಿ ಕೊಯ್ದ ಹಾಗೆ ಬಿರಿದ ಶೀಟನ್ನು ನೀವೂ ನೋಡಿರುತ್ತೀರಿ. ಪೈಪು ಕಡಿಮೆ ಬಿತ್ತೆಂದು ನಡುವೆ ಪಿವಿಸಿ ಪೈಪು ಬಗ್ಗಿಸಿ ಹಾಕುವ ಜಾಣತನ ಬೇಡ. ಪಿವಿಸಿ ತಾಗಿದಲ್ಲಿ ಯುವಿ ಶೀಟು ಬೇಗ ಹಾಳಾಗುತ್ತದೆ.

ಪ್ರೊಫೈಲ್ ಪಟ್ಟಿಗಳನ್ನು, ಅಂದರೆ ಸ್ಪ್ರಿಂಗ್ ಕೂರಲು ನಡುವೆ ಕಾಲುವೆಯಿರುವ ಲೋಹದ ಪಟ್ಟಿಗಳನ್ನು, ಎರಡು ಉದ್ದ ಬದಿಗೂ ಎರಡು ತುದಿ ಕಮಾನಿಗೂ ಒಂದೊಂದು ಅಡಿಗೆ ಒಂದು ಸ್ಕ್ರೂ ಹಾಕಿ ಕೂರಿಸಿ. ಸ್ಕ್ರೂ ತಲೆ ಚಪ್ಪಟೆಯದಾಗಿರಲಿ. ದಪ್ಪ ತಲೆಯದು ಹಾಕಿದರೆ ಕಾಲುವೆಯೊಳಗೆ ಸ್ಪ್ರಿಂಗ್ ಕೂರುವುದಿಲ್ಲ. ಪಟ್ಟಿ ಪಟ್ಟಿ ಕೂಡುವಲ್ಲಿ ಅಂಚನ್ನು ಅರ ಹಿಡಿದು ತಿಕ್ಕಿ. ಕೆಲವರು ದುಡ್ಡು ಉಳಿಸಲು ಪ್ರೊಫೈಲ್ ಬದಲು ಅಡಿಕೆ ದಬ್ಬೆ ಇಟ್ಟು ಮೊಳೆ ಹೊಡೆಯುತ್ತಾರೆ. ನಾನು ಸೋತದ್ದು ಅಲ್ಲೇ. ಅದೂ ಡಿಸೆಂಬರಿನ ಮಂಜಿನಲ್ಲಿ, ಬೆಳಗ್ಗೆ ಏಳಕ್ಕೇ ಶೀಟು ಎಳೆದು, ಬಿಗಿಯಾಯಿತೆಂದು ಬೀಗಿದೆ. ಮಧ್ಯಾಹ್ನ ಅದು ತೊಟ್ಟಿಲ ಬಟ್ಟೆಯಂತೆ ಜೋಲುತ್ತಿತ್ತು. ಗಾಳಿಗೆ ಪಟಪಟ ಬಡಿದು ಬಡಿದು ಮೊಳೆಯ ತೂತುಗಳು ದೊಡ್ಡದಾದವು. ಏಪ್ರಿಲ್‌ನ ಮೊದಲ ಅಡ್ಡಮಳೆಗೆ ಕಮಾನು ಕಮಾನಿನ ನಡುವೆ ಒಂದೊಂದು ಹೊಟ್ಟೆ ಬಂತು. ಒಂದು ಚದರ ಮೀಟರಿನ ಹೊಟ್ಟೆಯಲ್ಲಿ ಹತ್ತು ಸೆಂ.ಮೀ. ನೀರು ನಿಂತರೆ 100 ಕೆ.ಜಿ., ಎರಡು ಮೂಟೆ ಸಿಮೆಂಟಿನ ಭಾರ. ರಾತ್ರಿ ಹನ್ನೊಂದಕ್ಕೆ ಮೊದಲನೆಯದು ಒಡೆಯಿತು, ಬೆಳಗಾಗುವುದರಲ್ಲಿ ಉಳಿದವೂ ಹೋದವು.

ಹೊದಿಸುವ ದಿನ

ಗಾಳಿಯಿಲ್ಲದ ದಿನ, ಬೆಳಗ್ಗೆ ಒಂಬತ್ತರ ಹೊತ್ತಿಗೆ, ಇಬ್ಬನಿ ಆರಿದ ಮೇಲೆ ಶುರು ಮಾಡಿ. ಶೀಟು ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ: ಇಪ್ಪತ್ತು ಡಿಗ್ರಿ ವ್ಯತ್ಯಾಸಕ್ಕೆ ಹತ್ತು ಮೀಟರಿನಲ್ಲಿ ನಾಲ್ಕು ಸೆಂ.ಮೀ.ನಷ್ಟು. ಮಂಜಿನಲ್ಲಿ ಎಳೆದದ್ದು ಬಿಸಿಲಿಗೆ ಜೋಲುತ್ತದೆ. ನಡುಮಧ್ಯಾಹ್ನ ಎಳೆದದ್ದು ರಾತ್ರಿ ಕುಗ್ಗಿ ಸ್ಪ್ರಿಂಗನ್ನೇ ಜಗ್ಗುತ್ತದೆ. ಒಂಬತ್ತರಿಂದ ಹನ್ನೊಂದರ ಎಳೆಬಿಸಿಲಿನಲ್ಲಿ ಎಳೆದರೆ ಮಳೆಗಾಲದ ತಂಪಿಗೆ ಇನ್ನಷ್ಟು ಬಿಗಿಯಾಗುತ್ತದೆ, ನಮಗೆ ಬೇಕಾದ್ದೂ ಅದೇ.

ಏಳೆಂಟು ಜನ ಬೇಕು. ಉಂಗುರ, ಕೈಗಡಿಯಾರ ಬಿಚ್ಚಿಸಿ. ಮನೆಯ ಉದ್ದ ಬದಿಯಲ್ಲಿ ಹಳೇ ಸೀರೆ ಹಾಸಿ ಅದರ ಮೇಲೆ ಶೀಟು ಬಿಚ್ಚಿ, ಜಂಬಿಟ್ಟಿಗೆ ಹರಳಿನ ಮೇಲೆ ಎಳೆದಾಡಬೇಡಿ. ಯಾವ ಮೈ ಹೊರಗೆ ಎಂದು ಅಂಚಿನಲ್ಲಿ ಅಚ್ಚು ಹಾಕಿರುತ್ತಾರೆ, ಓದಿ. ಹನಿ ತೊಟ್ಟಿಕ್ಕದ ಲೇಪವಿರುವ ಮೈ ಒಳಗೇ ಬರಬೇಕು. ತಲೆಕೆಳಗಾದರೆ ರಾತ್ರಿಯ ತೇವವೆಲ್ಲ ಹನಿಯಾಗಿ ನಿಮ್ಮ ಅಡಿಕೆಯ ಮೇಲೇ ಬೀಳುತ್ತದೆ.

ಈಗ ಹಗ್ಗ ಕಟ್ಟುವ ಉಪಾಯ. ಶೀಟಿಗೆ ತೂತು ಮಾಡಬಾರದು. ಅಂಚಿನಿಂದ ಒಂದಡಿ ಒಳಗೆ ಶೀಟಿನ ಅಡಿಯಲ್ಲಿ ಒಂದು ಹಸಿ ಅಡಿಕೆ ಇಟ್ಟು, ಅದರ ಸುತ್ತ ಶೀಟನ್ನು ಮುದ್ದೆ ಮಾಡಿ, ಕುತ್ತಿಗೆಗೆ ಹಗ್ಗ ಬಿಗಿಯಿರಿ. ಹೀಗೆ ಹತ್ತಡಿಗೊಂದರಂತೆ ಐದು. ಹಗ್ಗಗಳನ್ನು ಕಮಾನಿನ ಮೇಲಿಂದ ಆಚೆ ಎಸೆದು, ಆಚೆ ನಿಂತ ಐವರೂ ಒಬ್ಬರ ಕೂಗಿಗೆ ಒಟ್ಟಿಗೆ ಎಳೆಯಬೇಕು. ಒಬ್ಬರು ಮುಂದೆ, ಒಬ್ಬರು ಹಿಂದೆ ಆದರೆ ಶೀಟು ಓರೆಯಾಗಿ ಬರುತ್ತದೆ, ಕೊನೆಗೆ ಒಂದು ಮೂಲೆಗೆ ಸಾಲುವುದೇ ಇಲ್ಲ. ಒಳಗೊಬ್ಬರು ತುದಿಗೆ ಬಟ್ಟೆ ಸುತ್ತಿದ ಬಿದಿರಿನ ಗಳ ಹಿಡಿದು, ಸಿಕ್ಕಿಕೊಂಡಲ್ಲಿ ಮೆಲ್ಲಗೆ ಎತ್ತಿಕೊಡಲಿ.

ಎರಡೂ ಬದಿ ಸಮ ಇಳಿದ ಮೇಲೆ ಒಂದು ತುದಿಯ ಕಮಾನಿನ ನೆತ್ತಿಯಲ್ಲಿ ಮೊದಲ ಸ್ಪ್ರಿಂಗ್ ಹಾಕಿ. ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ಹಾಕುತ್ತ ಬುಡಕ್ಕೆ ಇಳಿಯಿರಿ. ಆ ತುದಿ ಮುಗಿದ ಮೇಲೆ ಇನ್ನೊಂದು ತುದಿಗೆ ಹೋಗಿ, ನಾಲ್ಕು ಜನ ಉದ್ದಕ್ಕೆ ಎಳೆದು ಹಿಡಿದಿರುವಾಗ ಮತ್ತೆ ನೆತ್ತಿಯಿಂದಲೇ ಆರಂಭಿಸಿ. ಉದ್ದ ಬದಿಗಳು ಕೊನೆಗೆ: ನಡುವಿನಿಂದ ಶುರು ಮಾಡಿ ಎರಡೂ ಮೂಲೆಗಳ ಕಡೆ ಸಾಗಬೇಕು. ಮೂಲೆಯಿಂದ ಶುರು ಮಾಡಿದರೆ ಸುಕ್ಕೆಲ್ಲ ನಡುವೆ ಬಂದು ಕೂರುತ್ತದೆ, ಅದನ್ನು ಬಿಡಿಸಲು ಎಲ್ಲವನ್ನೂ ಬಿಚ್ಚಬೇಕು.

ಎಷ್ಟು ಎಳೆಯಬೇಕು? ಸುಕ್ಕು ಹೋಗುವಷ್ಟು, ಅಂಗೈಯಲ್ಲಿ ತಟ್ಟಿದರೆ ದಬ್ ಎಂದು ಸಣ್ಣಗೆ ಸದ್ದು ಬರುವಷ್ಟು. ಶೀಟಿನಲ್ಲಿ ಬಿಳಿ ಗೆರೆ ಮೂಡಿತೋ, ಅಲ್ಲಿ ಅದು ಆಗಲೇ ತೆಳುವಾಗಿದೆ ಎಂದರ್ಥ, ಸ್ವಲ್ಪ ಬಿಡಿ.

ಸ್ಪ್ರಿಂಗನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಬೇಡಿ. ಒಂದು ತುದಿಯನ್ನು ಕಾಲುವೆಗೆ ಸಿಕ್ಕಿಸಿ, ಉಳಿದದ್ದನ್ನು ಕೈಯಲ್ಲಿ ಮೇಲೆ ಕೆಳಗೆ ಅಲುಗಿಸುತ್ತ ಹೋದರೆ ಅಂಕುಡೊಂಕಿನ ಒಂದೊಂದೇ ಮೂಲೆ ‘ಟಿಕ್’ ಎಂದು ಕೂರುತ್ತದೆ. ಆ ಸದ್ದು ಬರದಿದ್ದರೆ ಕೂತಿಲ್ಲ. ಒಂದು ಸ್ಪ್ರಿಂಗ್ ಮುಗಿಯುವಲ್ಲಿ ಮುಂದಿನದು ನಾಲ್ಕಿಂಚು ಮೇಲೇರಿರಲಿ. ಸ್ಪ್ರಿಂಗ್ ಮತ್ತು ಶೀಟಿನ ನಡುವೆ ಹಳೇ ಶೀಟಿನ ಎರಡಿಂಚು ಪಟ್ಟಿಯನ್ನು ಮೆತ್ತೆಯಂತೆ ಕೊಡುವುದು ನನ್ನ ರೂಢಿ. ಹಳೇ ಶೀಟು ತರಬೇಡಿ ಎಂದೆನಲ್ಲ, ಒಂದು ಮಾರು ಮಾತ್ರ ತನ್ನಿ.

ಇಳಿಬಿದ್ದ ಹೆಚ್ಚಿನ ಶೀಟನ್ನು ಅಂದೇ ಕತ್ತರಿಸುವ ಚಪಲ ಎಲ್ಲರಿಗೂ ಬರುತ್ತದೆ. ಕತ್ತರಿ ಬಚ್ಚಿಡಿ. ಎರಡು ಮೂರು ಬಿಸಿಲು ಕಂಡ ಮೇಲೆ ಸಡಿಲವಾದ ಕಡೆ ಸ್ಪ್ರಿಂಗ್ ಬಿಚ್ಚಿ ಮತ್ತೊಮ್ಮೆ ಎಳೆಯಬೇಕಾಗುತ್ತದೆ. ಹಿಡಿಯಲು ಶೀಟೇ ಇಲ್ಲದಿದ್ದರೆ ಏನನ್ನು ಎಳೆಯುತ್ತೀರಿ?

ಉಳಿದದ್ದು

ಎರಡೂ ತುದಿಯ ನೆತ್ತಿಯಲ್ಲಿ ಒಂದೂವರೆ ಅಡಿ ಕಿಂಡಿ ಬಿಟ್ಟು ನೈಲಾನ್ ಬಲೆ ಹೊಡೆಯಿರಿ. ಬೆಂದ ಅಡಿಕೆಯ ತೇವ ಹೊರಹೋಗಲು ದಾರಿಯಿಲ್ಲದಿದ್ದರೆ ಪಾಲಿಹೌಸ್ ಇದ್ದೂ ಬೂಷ್ಟು ಹಿಡಿಯುತ್ತದೆ. ಎರಡೂ ಬದಿಯ ಕೆಳಗಿನ ಪರದೆ ಹಗಲು ಒಂದಡಿ ಎತ್ತಿರಲಿ, ಸಂಜೆ ಇಳಿಸಿ. ಅಡಿಕೆಯನ್ನು ನೆಲಕ್ಕಿಂತ ಎತ್ತರದ ತಟ್ಟಿಯ ಮೇಲೆ ಹರವಿ.

ಮಳೆಗಾಲಕ್ಕೆ ಶೀಟು ಬಿಚ್ಚಿ ಮಡಚಿಡುವವರಿದ್ದಾರೆ. ನಾನು ಬಿಚ್ಚುವುದಿಲ್ಲ. ಮಡಚಿಟ್ಟ ಶೀಟು ಇಲಿಗೆ ಬಾಣಂತಿ ಕೋಣೆ. ಕಾಳುಮೆಣಸಿನ ಸಸಿಗಳನ್ನು ಒಳಗೆ ಸೇರಿಸಿದರೆ ಮನೆಯೂ ಖಾಲಿ ಇರುವುದಿಲ್ಲ. ಗಂಧಕದ ಔಷಧಿ ಮಾತ್ರ ಒಳಗೆ ಹೊಡೆಯಬೇಡಿ, ಶೀಟಿನ ಆಯುಷ್ಯ ತಿನ್ನುತ್ತದೆ.

ಸಣ್ಣ ಹರಕಿಗೆ ಪಾಲಿಹೌಸ್‌ನದ್ದೇ ಯುವಿ ಟೇಪು ಸಿಗುತ್ತದೆ, ಒರೆಸಿ ಒಣಗಿಸಿ ಒಳಗೂ ಹೊರಗೂ ಅಂಟಿಸಿ. ರಟ್ಟಿನ ಪೆಟ್ಟಿಗೆಗೆ ಅಂಟಿಸುವ ಕಂದು ಟೇಪು ಬಿಸಿಲಿಗೆ ಬೇಗನೆ ಸುಲಿದು ಬೀಳುತ್ತದೆ.

ಮೊದಲ ದೊಡ್ಡ ಮಳೆ ಬಂದಾಗ ಕೊಡೆ ಹಿಡಿದು ಹೋಗಿ ಒಳಗೆ ನಿಂತು ತಲೆ ಎತ್ತಿ ನೋಡಿ. ನೀರು ಎಲ್ಲೂ ನಿಲ್ಲದೆ ಗೆರೆ ಎಳೆದಂತೆ ಇಳಿಯುತ್ತಿರಬೇಕು. ಎಲ್ಲಾದರೂ ತಟ್ಟೆಯಷ್ಟು ಅಗಲ ನೀರು ಕೂತಿದ್ದರೆ ಬಟ್ಟೆ ಸುತ್ತಿದ ಅದೇ ಗಳದಲ್ಲಿ ಅಡಿಯಿಂದ ಎತ್ತಿ ಚೆಲ್ಲಿ, ಆ ಜಾಗದ ನೇರಕ್ಕೆ ಕಂಬಕ್ಕೊಂದು ದಾರ ಕಟ್ಟಿ ಬನ್ನಿ. ಹೊಳವಾದ ಮೇಲೆ ದಾರ ಕಟ್ಟಿದ ಕಡೆ ಸ್ಪ್ರಿಂಗ್ ಬಿಚ್ಚಿ ಎಳೆಯಿರಿ.